ಕರ್ಟನ್ ರಾಡ್ ಹಿಡಿದ ಅಂಗರಕ್ಷಕ

ನನ್ನ ಹೆಂಡತಿಯನ್ನು ಬಟ್ಟೆಯ ಥಾನು ಅಂದುಕೊಂಡು ಬೆಲೆ ಕಟ್ಟು ಎಂದರೆ ಹೀಗೆ ಹೇಳುತ್ತೇನೆ: ಅಗಲ ಕಡಿಮೆ, ನೇಯ್ಗೆ ಬಿಗಿ. ಒಗೆದರೆ ಕುಗ್ಗುವುದಿಲ್ಲ, ಬಿಸಿಲಿಗಿಟ್ಟರೆ ಬಣ್ಣ ಬಿಡುವುದಿಲ್ಲ. ಇಸ್ತ್ರಿ ಎಷ್ಟೇ ಕಾದಿದ್ದರೂ ಮಡಿಕೆ ಮಾತ್ರ ತಾನು ಹೇಳಿದ ಕಡೆಯೇ ಬೀಳಬೇಕು. ನೋಡಿದವರು ‘ಇಷ್ಟೇನಾ?’ ಅಂತ ಮುಂದಿನ ಅಂಗಡಿಗೆ ಹೋಗಬಹುದು. ಕೊಂಡವನು ಮಾತ್ರ ಬದಲಾಯಿಸಿಕೊಳ್ಳಲು ವಾಪಸು ಬರುವುದಿಲ್ಲ. ಬರಲು ಧೈರ್ಯ ಸಾಲುವುದಿಲ್ಲ!

ನಾನು ಪರದೆ ವ್ಯಾಪಾರಿ. ಪರದೆಯ ಜೊತೆಗೆ ಅದನ್ನು ತೂಗುಹಾಕುವ ರಾಡುಗಳನ್ನೂ ಮಾರುತ್ತೇನೆ. ಮರದ್ದು, ಹಿತ್ತಾಳೆಯದ್ದು, ಉಕ್ಕಿನದ್ದು, ತುದಿಗೆ ಗುಂಡು ಇರುವಂಥದ್ದು, ಈಟಿಯಂಥದ್ದು, ಎಲೆಯಂಥದ್ದು. ಅಂಗಡಿಯ ಒಂದು ಮೂಲೆ ನೋಡಿದರೆ ಯಾವುದೋ ಚಕ್ರವರ್ತಿಯ ಆಯುಧಾಗಾರ ಅನ್ನಬೇಕು. ಹೀಗಿರುವಾಗ ನನ್ನ ಹೆಂಡತಿಗೆ ಒಂದು ಕೋಲು ಬೇಕಾಯಿತು ಎಂದರೆ ನಾನು ಸುಮ್ಮನಿರಲಾದೀತೇ? ಎದೆ ಉಬ್ಬಿಸಿ ಘೋಷಿಸಿಯೇಬಿಟ್ಟೆ: “ಈ ಊರಲ್ಲಿ ಕೋಲು ಆರಿಸೋದಕ್ಕೆ ನನಗಿಂತ ಯೋಗ್ಯ ಯಾರೂ ಇಲ್ಲ. ನೀನು ನಿಶ್ಚಿಂತೆಯಾಗಿರು!”

ಕೋಲು ಬೇಕಾದದ್ದು ಒಂದು ಕೈಚೀಲದ ದೆಸೆಯಿಂದ. ನನ್ನ ಹೆಂಡತಿ ಡಾಕ್ಟರಮ್ಮನ ಕ್ಲಿನಿಕ್ಕಿನಲ್ಲಿ ರಕ್ತ ತೆಗೆಯುವವಳು. ಸಂಜೆ ಕೆಲಸ ಮುಗಿಸಿ ಮಾರುಕಟ್ಟೆಯ ಹಿಂದಿನ ಗಲ್ಲಿಯಿಂದ ಮನೆಗೆ ಬರುತ್ತಾಳೆ. ಗಲ್ಲಿ ಎಷ್ಟು ಕಿರಿದೆಂದರೆ, ಎದುರಿಗೆ ಯಾರಾದರೂ ಬಂದರೆ ಇಬ್ಬರೂ ಹೊಟ್ಟೆ ಒಳಗೆಳೆದುಕೊಂಡು ದಾಟಬೇಕು. ಒಂದು ಸಂಜೆ ಅಲ್ಲಿ ಯಾರೋ ಹಿಂದಿನಿಂದ ಬಂದು ಚೀಲಕ್ಕೆ ಕೈ ಹಾಕಿದ. ಇವಳು ಬಿಡಲಿಲ್ಲ. ಅವನೂ ಬಿಡಲಿಲ್ಲ. ಕೊನೆಗೆ ಚೀಲದ ಹೊಲಿಗೆಯೇ ಬಿಟ್ಟಿತು. ಹಿಡಿಯನ್ನು ಹಿಡಿದುಕೊಂಡು ಅವನು ಓಡಿದ, ಚೀಲವನ್ನು ತಬ್ಬಿಕೊಂಡು ಇವಳು ಮನೆಗೆ ಬಂದಳು.

“ಭಲೇ! ನಷ್ಟ ಅವನಿಗೇ!” ಎಂದೆ.

ಅವಳು ನಗಲಿಲ್ಲ. ನೀರು ಕುಡಿಯಲು ಲೋಟ ಎತ್ತಿದಳು. ಲೋಟ ಹಲ್ಲಿಗೆ ಟಕಟಕ ಬಡಿಯಿತು. ಆಗ ನೋಡಿದೆ, ಕೈ ನಡುಗುತ್ತಿತ್ತು.

ಮರುದಿನವೂ ನಡುಗಿತು, ಅದರ ಮರುದಿನವೂ. ನನ್ನ ಕೈ ನಡುಗಿದರೆ ಬಟ್ಟೆ ಸ್ವಲ್ಪ ಓರೆಯಾಗಿ ಕತ್ತರಿಸಿಹೋಗುತ್ತದೆ, ಅದನ್ನು ‘ಹೊಸ ಫ್ಯಾಷನ್’ ಅಂತ ಮಾರಬಹುದು. ಸೂಜಿ ಹಿಡಿಯುವವಳ ಕೈ ನಡುಗಿದರೆ ಎದುರಿಗೆ ಕೂತವರು ಎದ್ದು ಮನೆಗೆ ಹೋಗುತ್ತಾರೆ. ಡಾಕ್ಟರಮ್ಮ ಒಳ್ಳೆಯವರೇ. ಆದರೂ ಇವಳನ್ನು ಒಳಕೋಣೆಯಿಂದ ಎಬ್ಬಿಸಿ ಮುಂದಿನ ಮೇಜಿಗೆ ಕೂರಿಸಿದರು. ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸ. “ಕೈ ಸರಿಹೋದ್ರೆ ಒಳಗೆ ಬಾಮ್ಮ. ಇಲ್ಲಾಂದ್ರೆ ನಾನು ಬೇರೆ ಯಾರನ್ನಾದ್ರೂ ನೋಡ್ಕೋಬೇಕಾಗುತ್ತೆ” ಎಂದರಂತೆ. ಯಾರ ಕೈಯಲ್ಲಿ ನರ ಸಿಗದಿದ್ದರೂ ಹುಡುಕಿ ತೆಗೆಯುತ್ತಿದ್ದವಳು ಈಗ ಗೋಂದು ಹಚ್ಚುತ್ತಾ ಕೂತಳು. ಮನೆಗೆ ಬಂದರೆ ಮಾತಿಲ್ಲ. ಕೋಪವೂ ಇಲ್ಲ! ನನ್ನ ಮೇಲೆ ರೇಗದ ಹೆಂಡತಿಯನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು.

“ನಾನು ದಿನಾ ಬಂದು ಕರ್ಕೊಂಡು ಬರ್ತೀನಿ” ಎಂದೆ.

“ಬೇಡ.”

“ಯಾಕೆ?”

“ನೀವು ಬಂದ್ರೆ ನೀವಿದ್ದೀರಿ ಅಂತ ಧೈರ್ಯ ಬರುತ್ತೆ. ನನಗೆ ನಾನಿದ್ದೀನಿ ಅಂತ ಬರಬೇಕು” ಎಂದಳು. ಎಂದವಳೇ ಶಾಲೆಯ ಮೈದಾನದಲ್ಲಿ ಡ್ರಿಲ್ ಟೀಚರಮ್ಮ ನಡೆಸುವ ಕೋಲುವರಸೆ ತರಗತಿಗೆ ಸೇರಿಬಂದಳು! ಕೋಲಿನಿಂದ ತಡೆಯುವುದು, ತಪ್ಪಿಸಿಕೊಳ್ಳುವುದು, ಹೊಡೆಯುವುದು, ಎಲ್ಲ ಕಲಿಸುತ್ತಾರಂತೆ. ಅವರವರ ಕೋಲನ್ನು ಅವರವರೇ ತರಬೇಕಂತೆ.

ನನ್ನ ಘೋಷಣೆ ಹೊರಬಿದ್ದದ್ದು ಆಗಲೇ.

ಅಂದೇ ಸಂಜೆ ಮಂಚದ ಮೇಲೆ ರಾಡುಗಳನ್ನು ಸಾಲಾಗಿ ಹಾಸಿದೆ. ಗಿರಾಕಿಗೆ ಹೇಳುವ ಧಾಟಿಯಲ್ಲೇ ಶುರುಮಾಡಿದೆ: “ಇದು ನೋಡು, ಶುದ್ಧ ಮರ, ಮೂರು ಸಲ ಪಾಲಿಷ್ ಆಗಿದೆ, ಮುಖ ನೋಡ್ಕೋಬಹುದು. ಇದು ಹಿತ್ತಾಳೆ, ಗುಂಡಿನ ಮೇಲೆ ಹೂವಿನ ಕೆತ್ತನೆ...”

“ಕಳ್ಳ ಮುಖ ನೋಡ್ಕೊಂಡು ತಲೆ ಬಾಚ್ಕೋತಾನಾ?”

“ಹಾಗಲ್ಲ ಕಣೇ, ತೂಕ ನೋಡು ತೂಕ! ತೂಕ ಇದ್ದದ್ದೇ ಗಟ್ಟಿ ಮಾಲು.”

ಅವಳು ಒಂದೊಂದನ್ನೇ ತುದಿಬೆರಳಲ್ಲಿ ಸಡಿಲವಾಗಿ ಹಿಡಿದು ನೆಲಕ್ಕೆ ಕುಟ್ಟಿದಳು. ಕಿವಿ ಹತ್ತಿರ ತಂದು ಕೇಳಿದಳು. “ಇದು ಟೊಳ್ಳು. ಇದರಲ್ಲಿ ಬಿರುಕಿದೆ. ಇದನ್ನ ಎತ್ತೋ ಹೊತ್ತಿಗೆ ಅವನು ಚೀಲ ತಗೊಂಡು ಮನೆಗೆ ಹೋಗಿ ಊಟ ಮುಗಿಸಿರ್ತಾನೆ. ಪಾಲಿಷ್ ಆದದ್ದು ಬೇಡ, ಬೆವರು ಬಂದ್ರೆ ಜಾರುತ್ತೆ” ಎಂದಳು.

ನನಗೆ ದಿಗ್ಭ್ರಮೆ! ನನ್ನ ಮಾಲನ್ನು ನನ್ನ ಮಂಚದ ಮೇಲೇ ತಿರಸ್ಕರಿಸುವುದೇ? ಇಷ್ಟು ಸಾಲದು ಎಂಬಂತೆ ಮರುದಿನ ಟೀಚರಮ್ಮನಿಂದ ಒಂದು ಬೆತ್ತ ತಂದಳು. ಹೊಳಪಿಲ್ಲ, ಗುಂಡಿಲ್ಲ, ಉದ್ದಕ್ಕೂ ಗಿಣ್ಣುಗಳು. ಕಂಕುಳಿಂದ ಬೆರಳ ತುದಿಯವರೆಗಿನ ಉದ್ದ. ನಮ್ಮ ಅಂಗಡಿಯಲ್ಲಿ ಅಂಥದ್ದನ್ನು ಜೇಡರ ಬಲೆ ತೆಗೆಯಲು ಇಟ್ಟುಕೊಂಡಿದ್ದೇವೆ. “ಒಡೆದ್ರೂ ಚೂರಾಗಲ್ಲ, ನಾರುನಾರಾಗುತ್ತೆ ಅಷ್ಟೇ. ಹಗುರ. ಕೈಗಿಂತ ಮುಂದೆ ಓಡಲ್ಲ” ಎಂದು ಅದನ್ನು ಮುದ್ದಿನಿಂದ ಒರೆಸಿದಳು. ನನ್ನ ಬೆನ್ನನ್ನು ಅಷ್ಟು ಮುದ್ದಿನಿಂದ ಒರೆಸಿದ್ದು ನನಗೆ ನೆನಪಿಲ್ಲ.

ವ್ಯಾಪಾರಿಗೆ ಅವಮಾನವಾದರೆ ಅವನು ಅಳುವುದಿಲ್ಲ, ಸಗಟು ವ್ಯಾಪಾರದ ಯೋಚನೆ ಮಾಡುತ್ತಾನೆ. ಒಬ್ಬಳು ಬೇಡ ಅಂದರೆ ಏನಾಯಿತು? ಮೈದಾನದ ತುಂಬ ಕೋಲು ಬೇಕಾದವರೇ ಇದ್ದಾರಲ್ಲ! ಭಾನುವಾರ ಒಂದು ಕಟ್ಟು ರಾಡುಗಳನ್ನು ಹೆಗಲ ಮೇಲೆ ಹೊತ್ತು ತರಗತಿಗೆ ನುಗ್ಗಿದೆ. ನುಗ್ಗಿದೆ ಎಂದರೆ ಅಕ್ಷರಶಃ ನುಗ್ಗಿದೆ. ಗೇಟಿನಲ್ಲಿ ಯಾರೋ ಕರೆದಂತಾಯಿತು, ತಿರುಗಿದೆ. ಕಟ್ಟಿನ ಹಿಂದಿನ ತುದಿ ನೋಟಿಸ್ ಬೋರ್ಡಿನ ಗಾಜನ್ನು ಪುಡಿಮಾಡಿತು. “ಅಯ್ಯೋ!” ಅಂತ ಆ ಕಡೆ ತಿರುಗಿದೆ, ಮುಂದಿನ ತುದಿ ಕುಡಿಯುವ ನೀರಿನ ಡ್ರಮ್ಮನ್ನು ಉರುಳಿಸಿತು. ತರಗತಿಯವರೆಲ್ಲ ಒಂದೇ ಸಲಕ್ಕೆ ನೆಲಕ್ಕೆ ಕೂತರು. ಆತ್ಮರಕ್ಷಣೆಯಲ್ಲಿ ಅವರು ಬಹಳ ಮುಂದುವರಿದಿದ್ದರು.

ಟೀಚರಮ್ಮ ಬಂದರು. ಕೊರಳಲ್ಲಿ ಸೀಟಿ, ಕಾಲಲ್ಲಿ ಕ್ಯಾನ್ವಾಸ್ ಶೂ, ಮುಖದಲ್ಲಿ ನಗುವಿನ ಸ್ಟಾಕ್ ಖಾಲಿ.

“ಏನ್ರೀ ಇದು?”

“ಕೋಲು ಮೇಡಂ. ತರಗತಿಗೆ ವಿಶೇಷ ರಿಯಾಯಿತಿ...”

“ಮೊದಲು ಹೆಗಲಿಂದ ಇಳಿಸಿ. ಕೋಲನ್ನ ಜನರ ಮಧ್ಯೆ ಹೀಗೆ ಹೊತ್ಕೊಂಡು ಬರ್ತಾರಾ? ತುದಿ ಕೆಳಗೆ, ಮೈಗೆ ಒತ್ತಿ, ನಮಗೆ ಮಾತ್ರ ಗೊತ್ತಿರೋ ಹಾಗೆ ತರಬೇಕು. ಕೋಲು ತೋರಿಸ್ಕೊಂಡು ಓಡಾಡೋನಿಗೆ ಮೊದಲ ಏಟು ಅವನ ಕೋಲಿಂದಾನೇ!”

ಎಂದವರು ನನ್ನ ಅತ್ಯುತ್ತಮ ಉಕ್ಕಿನ ರಾಡನ್ನು ಎತ್ತಿ ಮೆಟ್ಟಿಲಿನ ಅಂಚಿಗೆ ಒಂದೇ ಒಂದು ಸಲ ಕುಟ್ಟಿದರು. ಹತ್ತು ವರ್ಷ ಗ್ಯಾರಂಟಿಯ ರಾಡು ಬಾಗಿಲ ಚಿಲಕದಂತೆ ಬಗ್ಗಿ ನಿಂತಿತು! ಟೀಚರಮ್ಮ ಅದನ್ನು ಎರಡೂ ಕೈಯಲ್ಲಿ ಗೌರವದಿಂದ ನನಗೆ ಒಪ್ಪಿಸಿ, “ಅಂಗಡಿಯವರೇ, ಇದಕ್ಕೆ ಪರದೆ ಹಾಕಿ” ಎಂದರು.

ನನ್ನ ಹೆಂಡತಿ ದೂರದ ಮರವನ್ನು ನೋಡುತ್ತಾ ನಿಂತಿದ್ದಳು. ಆ ಮರದ ಪರಿಚಯವಿದೆ, ನನ್ನ ಪರಿಚಯವಿಲ್ಲ ಎನ್ನುವ ಹಾಗೆ.

ಅಲ್ಲಿಗೆ ಬುದ್ಧಿ ಇರುವವನು ನಿಲ್ಲಿಸುತ್ತಿದ್ದ. ನಾನು ಇನ್ನೊಂದು ಶಪಥ ಮಾಡಿದೆ. ನನ್ನ ಮಾಲು ಕಳ್ಳನ ಎದುರು ಹೇಗೆ ನಿಲ್ಲುತ್ತದೆ ಎಂದು ನಾನೇ ತೋರಿಸುತ್ತೇನೆ! ಅವಳಿಗೆ ಗೊತ್ತಾಗದ ಹಾಗೆ ಸಂಜೆ ಅವಳ ಹಿಂದೆ ಹೋಗುತ್ತೇನೆ. ಕಳ್ಳ ಬರುತ್ತಾನೆ, ನಾನು ಹಾರುತ್ತೇನೆ, ಅವಳು ಕಣ್ಣರಳಿಸಿ “ರೀ, ನೀವಾ!” ಅನ್ನುತ್ತಾಳೆ. ದೃಶ್ಯವನ್ನು ಮನಸ್ಸಿನಲ್ಲಿ ಎಷ್ಟು ಸಲ ನೋಡಿದೆನೆಂದರೆ, ಅಂಗಡಿಯಲ್ಲಿ ಅಳತೆ ಟೇಪು ಹಿಡಿದು ನಿಂತಲ್ಲೇ ನಗುತ್ತಿದ್ದೆ. ಗಿರಾಕಿಗಳು ರಿಯಾಯಿತಿ ಕೇಳಲು ಇದೇ ಸಮಯ ಎಂದುಕೊಂಡರು.

ಆಯುಧವಾಗಿ ಆರಿಸಿದ್ದು ನಮ್ಮ ಅಂಗಡಿಯ ಹೆಮ್ಮೆ, ಸ್ಪ್ರಿಂಗ್ ರಾಡ್. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ, ನಡುವೆ ಬಲವಾದ ಸ್ಪ್ರಿಂಗು, ಎರಡು ತುದಿಗೂ ರಬ್ಬರಿನ ಟೋಪಿ. ಮಡಚಿದರೆ ಕೋಟಿನೊಳಗೆ ಕೂರುತ್ತದೆ. ಗುಂಡಿ ಒತ್ತಿದರೆ ಸರಕ್ಕನೆ ಎರಡೂ ಕಡೆ ಚಾಚಿ ಕಿಟಕಿಯ ಎರಡು ಗೋಡೆಗೂ ಕಚ್ಚಿಕೊಳ್ಳುತ್ತದೆ. “ಮೊಳೆ ಬೇಡ, ಡ್ರಿಲ್ ಬೇಡ, ಒಮ್ಮೆ ಕೂತರೆ ಆನೆ ಎಳೆದರೂ ಅಲ್ಲಾಡುವುದಿಲ್ಲ” ಎಂದು ನಾನು ಅದನ್ನು ಮಾರುವುದು. ನನ್ನ ಮಾರಾಟದ ಮಾತುಗಳಲ್ಲಿ ಸಂಪೂರ್ಣ ಸತ್ಯವಾದದ್ದು ಇದೊಂದೇ ಎಂದು ಆಗ ನನಗೆ ತಿಳಿದಿರಲಿಲ್ಲ.

ಕೋಟು ತೊಟ್ಟೆ. ಟೋಪಿಯನ್ನು ಹುಬ್ಬಿನವರೆಗೆ ಎಳೆದೆ. ಮಫ್ಲರನ್ನು ಮೂಗಿನವರೆಗೆ ಸುತ್ತಿದೆ. ಅಂಗಡಿಯ ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ನನ್ನ ಮೇಲೆ ಅನುಮಾನ ಬಂತು. ಅದನ್ನು ನಾನು ಒಳ್ಳೆಯ ಲಕ್ಷಣವೆಂದು ತಿಳಿದೆ!

ಅವಳು ಗಲ್ಲಿಗೆ ಇಳಿದಳು. ಬೆತ್ತ ಎಲ್ಲಿದೆಯೆಂದು ನೋಡಿದೆ, ಕಾಣಲಿಲ್ಲ. ಬಿಟ್ಟು ಬಂದಿದ್ದಾಳೆ, ಪಾಪ, ಇನ್ನು ನಾನೇ ಗತಿ ಎಂದುಕೊಂಡು ಹೆಜ್ಜೆ ಜೋರು ಮಾಡಿದೆ. ಅವಳೂ ಜೋರು ಮಾಡಿದಳು. ಓಹೋ, ಯಾರನ್ನೋ ಕಂಡು ಹೆದರಿದ್ದಾಳೆ! ಕಳ್ಳ ಮುಂದೆ ಎಲ್ಲೋ ಇರಬೇಕು! ನಾನು ಓಡುನಡಿಗೆ ಹಾಕಿದೆ. ಅವಳೂ ಓಡುನಡಿಗೆ ಹಾಕಿದಳು. ಗಲ್ಲಿಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ನರಪಿಳ್ಳೆಯೂ ಇಲ್ಲ ಎಂಬ ಸಣ್ಣ ವಿಷಯ ನನ್ನ ತಲೆಗೆ ಹೋಗಲೇ ಇಲ್ಲ.

ಇದ್ದಕ್ಕಿದ್ದಂತೆ ಅವಳು ನಿಂತಳು. ತಿರುಗಿದಳು. ಮುಂಗೈಗೆ ಒತ್ತಿಕೊಂಡಿದ್ದ ಬೆತ್ತ ಎಲ್ಲಿಂದಲೋ ಹುಟ್ಟಿದಂತೆ ಹೊರಬಂತು. “ದೂರ ನಿಲ್ಲು!” ಎಂದು ಕೂಗಿದ ಆ ದನಿ ನಮ್ಮ ಮನೆಯದಲ್ಲ! ನಾನು ‘ನಾನು ಕಣೇ’ ಅನ್ನಬೇಕೆಂದಿದ್ದೆ. ಮಫ್ಲರ್ ಬಾಯಿಗೆ ಹೋಗಿ “ಊಂ ಊಂ” ಎಂದಷ್ಟೇ ಹೊರಟಿತು. ಹೇಳಲಾಗದಿದ್ದರೆ ಹತ್ತಿರ ಹೋಗಿ ತೋರಿಸೋಣ ಎಂದು ಒಂದು ಹೆಜ್ಜೆ ಮುಂದಿಟ್ಟೆ.

ಫಟ್! ತೊಡೆಯ ಮೇಲೆ ಬಿತ್ತು. ಪಟಾಕಿಗೂ ಅಷ್ಟು ಚುರುಕಿಲ್ಲ. ಮಫ್ಲರ್ ಜಾರಿತು, ಬಾಯಿಂದ “ಅಯ್ಯಯ್ಯೋ ಸತ್ತೇ!” ಎಂಬ ವೀರವಾಣಿ ಹೊರಬಿತ್ತು. ಇನ್ನೊಂದು ಏಟನ್ನು ತಡೆಯಬೇಕೆಂದು ಕೋಟಿನಿಂದ ರಾಡನ್ನು ಸೆಳೆದು ಎರಡೂ ಕೈಯಲ್ಲಿ ಅಡ್ಡ ಹಿಡಿದೆ. ಹೆಬ್ಬೆರಳು ಗುಂಡಿಯ ಮೇಲೆ ಬಿತ್ತು.

ಸರಕ್! ಢಬ್! ಢಬ್!

ರಾಡು ಎಡಗೋಡೆಗೆ ಒಂದು, ಬಲಗೋಡೆಗೆ ಒಂದು ಕಚ್ಚಿಕೊಂಡು ಎದೆಮಟ್ಟದಲ್ಲಿ ಗಲ್ಲಿಗೆ ಅಡ್ಡವಾಗಿ ಕೂತುಬಿಟ್ಟಿತು. ಹೋಗುವಾಗ ನನ್ನ ಅಂಗೈಯನ್ನು ಗೀರಿಕೊಂಡು, ಕೋಟಿನ ತೋಳನ್ನೂ ಎಳೆದುಕೊಂಡು ಹೋಗಿ ಗೋಡೆಗೂ ರಬ್ಬರಿಗೂ ನಡುವೆ ಅಮುಕಿಕೊಂಡಿತು. ಒಂದು ಕೈ ಗೋಡೆಗೆ, ಉಳಿದ ದೇಹ ರಾಡಿಗೆ ಜೋತು. ಪರದೆ ಇರಬೇಕಾದ ಜಾಗದಲ್ಲಿ ಪರದೆ ವ್ಯಾಪಾರಿ! ನಾನು ಕಂಗಾಲಾಗಿ ರಾಡನ್ನು ನೋಡುತ್ತಿರುವಾಗಲೇ ಅದರ ಕೆಳಗಿನಿಂದ ಬೆತ್ತ ಹಾವಿನಂತೆ ನುಸುಳಿ ಬಂದು ಮೊಣಕಾಲ ಕೆಳಗೆ ಎರಡನೇ ಫಟ್!

ಆಮೇಲೆ ಅವಳು ಬೆತ್ತ ಇಳಿಸಿದಳು. ನನ್ನ ಟೋಪಿ ತೆಗೆದಳು.

“ಅಂಗಡಿ ಇಷ್ಟು ಬೇಗ ಮುಚ್ಚಿದ್ರಾ?” ಎಂದಳು.

ಕೂಗಿಗೆ ಜನ ಸೇರಿದರು. ಆ ಕಡೆಯವರು ಈ ಕಡೆ ಬರುವಂತಿಲ್ಲ, ಈ ಕಡೆಯವರು ಆ ಕಡೆ ಹೋಗುವಂತಿಲ್ಲ. ನಡುವೆ ನಾನು. ಮೂಟೆ ಹೊತ್ತವನೊಬ್ಬ “ಸ್ವಾಮಿ, ನಿಮ್ಮ ಧ್ಯಾನ ಮುಗಿದಿದ್ರೆ ದಾರಿ ಬಿಡಿ” ಎಂದ. ಇಬ್ಬರು ಹಿಡಿದೆಳೆದರು, ನಾಲ್ವರು ಎಳೆದರು. ಅಲ್ಲಾಡಲಿಲ್ಲ. ಗುಂಪಿನಲ್ಲಿದ್ದ ನನ್ನ ಹಳೆಯ ಗಿರಾಕಿಯೊಬ್ಬರು ಮುಂದೆ ಬಂದು ರಾಡನ್ನು ಸವರಿ, “ಅಂಗಡಿಯವರೇ, ನಾನು ನಿಮ್ಮ ಮಾತು ನಂಬಿರ್ಲಿಲ್ಲ. ಕ್ಷಮಿಸಿ. ನಾಳೆ ನನಗೂ ಎರಡು ತೆಗೆದಿಡಿ” ಎಂದರು! ನನ್ನ ಜೀವನದಲ್ಲಿ ನೇತಾಡಿಕೊಂಡು ಹಿಡಿದ ಆರ್ಡರು ಅದೊಂದೇ.

ಕೊನೆಗೆ ಪಕ್ಕದ ಪ್ರೆಸ್ಸಿನವರು ಕತ್ತರಿ ತಂದು ನನ್ನ ತೋಳು ಕತ್ತರಿಸಿದರು. ಕೋಟಿನ ತೋಳು. ರಾಡನ್ನು ಕೆಳಗಿನಿಂದ ಗುದ್ದಿ ಗುದ್ದಿ ತಲೆಗಿಂತ ಮೇಲಕ್ಕೆ ಸರಿಸಿದರು. ಅದು ಇಂದಿಗೂ ಅಲ್ಲೇ ಇದೆ. ಪ್ರೆಸ್ಸಿನವರು ಶಾಯಿ ಒರೆಸುವ ಬಟ್ಟೆ ಒಣಹಾಕುತ್ತಾರೆ.

ಅಂಗೈಯಿಂದ ರಕ್ತ ಸುರಿಯುತ್ತಿದ್ದುದನ್ನು ಮೊದಲು ಕಂಡವಳು ಅವಳೇ. ಕುಂಟುತ್ತಿದ್ದ ನನ್ನನ್ನು ಮತ್ತೆ ಕ್ಲಿನಿಕ್ಕಿಗೆ ನಡೆಸಿಕೊಂಡು ಹೋದಳು. ಡಾಕ್ಟರಮ್ಮ ಗಾಯ ತೊಳೆದು ಪಟ್ಟಿ ಕಟ್ಟಿದರು. ಕಥೆ ಕೇಳಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ, “ನಿಮ್ಮ ವಯಸ್ಸಿಗೆ ಸಕ್ಕರೆ ಎಷ್ಟಿದೆ ನೋಡೋದು ಒಳ್ಳೆಯದು. ರಕ್ತ ತೆಗೀಬೇಕು” ಎಂದರು. ನನ್ನ ಹೆಂಡತಿಯ ಜಾಗಕ್ಕೆ ತಾತ್ಕಾಲಿಕವಾಗಿ ಬಂದಿದ್ದ ಹುಡುಗಿ ಆಗಲೇ ಮನೆಗೆ ಹೋಗಿದ್ದಳು. ಡಾಕ್ಟರಮ್ಮ ಸೂಜಿಯ ತಟ್ಟೆಯನ್ನು ನನ್ನ ಹೆಂಡತಿಯ ಮುಂದಕ್ಕೆ ತಳ್ಳಿದರು.

ಒಳಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳು ತನ್ನ ಕೈಯನ್ನು ಮುಂದೆ ಚಾಚಿ ನೋಡಿಕೊಂಡಳು, ಬೇರೆ ಯಾರದೋ ಕೈಯನ್ನು ಪರೀಕ್ಷಿಸುವ ಹಾಗೆ. ನನ್ನ ತೋಳಿಗೆ ರಬ್ಬರ್ ಪಟ್ಟಿ ಬಿಗಿದಳು. ಬೆರಳಿಂದ ನರ ಹುಡುಕಿದಳು. ಸೂಜಿ ಎತ್ತಿದಳು.

ಕೈ ನಡುಗಿತು. ಹೌದು, ಗಡಗಡ ನಡುಗಿತು!

ಅದು ನನ್ನ ಕೈ.

“ಸರ್, ಕೈ ಅಲ್ಲಾಡಿಸ್ಬೇಡಿ” ಎಂದಳು. ಮದುವೆಯಾದ ಮೇಲೆ ಅವಳು ನನ್ನನ್ನು ಸರ್ ಎಂದದ್ದು ಅದೇ ಮೊದಲು. ನಾನು ದಂಗಾಗಿ ಅವಳ ಮುಖ ನೋಡುತ್ತಿರುವಷ್ಟರಲ್ಲಿ ಸೀಸೆ ತುಂಬಿತ್ತು, ಹತ್ತಿ ಒತ್ತಿಯೂ ಆಗಿತ್ತು. ಚುಚ್ಚಿದ್ದೇ ಗೊತ್ತಾಗಲಿಲ್ಲ!

ಡಾಕ್ಟರಮ್ಮ ಬಾಗಿಲಲ್ಲೇ ನಿಂತು ನೋಡಿದ್ದರು. “ಸೀಸೆಗೆ ಚೀಟಿ ನಾನೇ ಅಂಟಿಸ್ತೀನಿ. ನಾಳೆಯಿಂದ ನೀನು ಒಳಗೆ ಕೂತ್ಕೋಮ್ಮ” ಎಂದು ಹೊರಟರು. ನನ್ನ ಹೆಂಡತಿ ಬೆನ್ನು ತಿರುಗಿಸಿ ತಟ್ಟೆಯನ್ನು ಬಹಳ ಹೊತ್ತು ಜೋಡಿಸಿದಳು. ಜೋಡಿಸಲು ಅದರಲ್ಲಿ ಏನೂ ಉಳಿದಿರಲಿಲ್ಲ.

ಅದೇ ಗಲ್ಲಿಯಲ್ಲಿ ಮನೆಗೆ ಹೊರಟೆವು. ಅವಳು ಮುಂದೆ, ನಾನು ಕುಂಟುತ್ತಾ ಹಿಂದೆ. ನನ್ನೊಳಗಿನ ವ್ಯಾಪಾರಿ ಸುಮ್ಮನಿರಲಿಲ್ಲ.

“ನೋಡಿದ್ಯಾ? ನನ್ನಿಂದಾನೇ ನಿನ್ನ ಕೈ ಸರಿಹೋಯ್ತು.”

“ಹೂಂ. ನಿಮಗೆ ಹೊಡೆದ್ಮೇಲೆ ಬಹಳ ಹಾಯಾಗಿದೆ.”

“ಕತ್ತಲಲ್ಲಿ ಗುರುತು ಸಿಗಲಿಲ್ಲ ಅಲ್ವಾ, ಪಾಪ. ನಾನೇ ಅಂತ ಯಾವಾಗ ಗೊತ್ತಾಯ್ತು?”

“ಮೊದಲನೇ ಏಟಿಗೇ. ‘ಅಯ್ಯಯ್ಯೋ ಸತ್ತೇ’ ಅಂದ್ರಲ್ಲ. ಗಡ್ಡ ಹೆರೆಯುವಾಗ ಗೀರಿದ್ರೂ ಹಾಗೇ ಅಂತೀರಿ.”

ನಾನು ನಿಂತಲ್ಲೇ ನಿಂತೆ. “ಮತ್ತೆ ಎರಡನೇ ಏಟು?!”

“ಅದು ನೀವು ಅಂತ ಗೊತ್ತಾದ್ಮೇಲೆ ಹೊಡೆದಿದ್ದು.”

ಅವಳು ತಿರುಗಿ ನಿಂತಳು. ಬೆತ್ತದ ತುದಿ ನೆಲಕ್ಕೆ ತಾಗಿತ್ತು.

“ಹಿಂದೆ ಹೆಜ್ಜೆ ಸದ್ದು ಕೇಳಿದಾಗ ನನಗೇನಾಯ್ತು ಗೊತ್ತೇನ್ರೀ? ಆವತ್ತಿಂದು ಎಲ್ಲ ಮತ್ತೆ ಬಂತು. ಬಾಯಿ ಒಣಗಿಹೋಯ್ತು. ನೀವು ಅದನ್ನ ಕಾವಲು ಅಂದ್ಕೊಂಡ್ರಿ. ನನ್ನ ಕಿವಿಗೆ ಅದು ಬರೀ ಹೆಜ್ಜೆ.”

ಎಂದು ಮುಂದೆ ನಡೆದಳು. ನಾನು ಹಿಂದೆ ನಡೆಯುವುದನ್ನು ಬಿಟ್ಟು, ಕುಂಟುಕಾಲಲ್ಲೇ ಓಡಿ, ಹೊಟ್ಟೆ ಒಳಗೆಳೆದುಕೊಂಡು ಅವಳ ಪಕ್ಕಕ್ಕೆ ಬಂದೆ. ಇಬ್ಬರಿಗೆ ಆ ಗಲ್ಲಿ ಸಾಲದು. ಗೋಡೆಗೆ ಭುಜ ಉಜ್ಜಿಕೊಂಡೇ ಮನೆ ಸೇರಿದೆ.

ಆ ಗಲ್ಲಿಯಲ್ಲಿ ನನ್ನ ಹೆಂಡತಿಯನ್ನು ಹೆದರಿಸಿದವರು ಇಬ್ಬರು. ಒಬ್ಬ ಓಡಿಹೋದ, ಸಿಗುವುದಿಲ್ಲ. ಇನ್ನೊಬ್ಬ ಅವಳ ಜೊತೆಗೇ ಮನೆಗೆ ಬಂದು, ಸೋಫಾದ ಮೇಲೆ ಕಾಲು ಚಾಚಿ, ಅವಳಿಂದಲೇ ಊತಕ್ಕೆ ಐಸ್ ಇಡಿಸಿಕೊಂಡ. ಆ ಎರಡನೆಯವನು ಅವಳ ಕ್ಷಮೆ ಕೇಳಬೇಕು. ಇನ್ನೂ ಕೇಳಿಲ್ಲ.